ಒಳಮೈದಾನ ನೋಡಲು ಬಂದವರು

ಬೆಲ್‌ಫೆರಿ ಹೈಸ್ಕೂಲಿನ ಬೇಸ್‌ಬಾಲ್ ಮೈದಾನದ ಬಳಿ ಕಾರಿನಿಂದಿಳಿದಾಗ ಮಾರ್ಲಾ ಟ್ರಸ್ಕಟ್‌ಳ ಮೂಗಿಗೆ ಮೊದಲು ಬಡಿದದ್ದು ಈರುಳ್ಳಿ ವಾಸನೆ. ಏಪ್ರಿಲ್ ಕೊನೆಯಲ್ಲಿ ದಕ್ಷಿಣ ಜಾರ್ಜಿಯಾದ ಆ ಕಡೆಯ ಗಾಳಿಗೆ ಬೇರೆ ವಾಸನೆಯೇ ಇರುವುದಿಲ್ಲ. ಆಮೇಲೆ ಕಂಡದ್ದು ಊರಿಗೆ ಊರೇ. ಪಾರ್ಕಿಂಗ್ ಜಾಗ ತುಂಬಿ, ಪಕ್ಕದ ಚರ್ಚಿನ ಹುಲ್ಲುಹಾಸೂ ತುಂಬಿ, ಪಿಕಪ್ ಗಾಡಿಗಳು ರಸ್ತೆಬದಿಯ ಚರಂಡಿಗೆ ಅರ್ಧ ಚಕ್ರ ಇಳಿಸಿಕೊಂಡು ನಿಂತಿದ್ದವು. ಹೈಸ್ಕೂಲು ಹುಡುಗರ ಸಾಧಾರಣ ಶುಕ್ರವಾರದ ಆಟಕ್ಕೆ ಇಷ್ಟು ಜನವೇ ಎಂದು ಅವಳಿಗೆ ಆಶ್ಚರ್ಯವಾಯಿತು.

ಮಾರ್ಲಾ ಒಂದು ವೃತ್ತಿಪರ ಕ್ಲಬ್ಬಿನ ಸ್ಕೌಟ್. ಚಳಿಗಾಲ ಮುಗಿದದ್ದೇ ಕಾರಿನಲ್ಲೇ ಸಂಸಾರ ಹೂಡಿ, ಊರೂರು ಅಲೆದು, ಶಾಲೆ ಹುಡುಗರ ಆಟ ನೋಡಿ, ಇವನು ಮುಂದೆ ಹೊಟ್ಟೆಪಾಡಿಗೆ ಆಡಬಲ್ಲನೇ ಇಲ್ಲವೇ ಎಂದು ಹೇಳುವುದು ಅವಳ ಕಸುಬು. ಹೀಚು ನೋಡಿ ಹಣ್ಣಿನ ರುಚಿ ಹೇಳುವಂಥ ಕಸುಬು. ಒಂದು ಕಾಲದಲ್ಲಿ ಅವಳೂ ಕಾಲೇಜು ತಂಡಕ್ಕೆ ಸಾಫ್ಟ್‌ಬಾಲ್ ಆಡಿದವಳೇ. ಮೊಣಕಾಲು ಕೈಕೊಟ್ಟ ಮೇಲೆ ಕಣ್ಣಿನ ಕೆಲಸಕ್ಕೆ ಬಂದಿದ್ದಳು.

ವಾರದ ಹಿಂದೆ ಶಾಲೆಯ ಆಫೀಸಿಗೆ ಫೋನ್ ಮಾಡಿ, "ಕ್ಲಬ್ಬಿನ ಪರವಾಗಿ ಟ್ರಸ್ಕಟ್ ಅಂತ, ಶುಕ್ರವಾರ ಆಟ ನೋಡೋಕೆ ಬರ್ತಿದ್ದಾರೆ ಅಂತ ಕೋಚ್‌ಗೆ ತಿಳಿಸಿ" ಎಂದಿದ್ದಳು. ಫೋನೆತ್ತಿದ ಹೆಂಗಸು ಅವಳನ್ನು ಟ್ರಸ್ಕಟ್ ಸಾಹೇಬರ ಸೆಕ್ರೆಟರಿ ಎಂದುಕೊಂಡಿರಬೇಕು. ಈಗ ಬ್ಯಾಟಿಂಗ್ ಜಾಗದ ಹಿಂದೆ, ಸ್ಕೌಟ್‌ಗಳು ಯಾವಾಗಲೂ ಕೂರುವ ಕಡೆ, ಹುಲ್ಲಿನ ಹ್ಯಾಟು ಹಾಕಿದ ದಢೂತಿ ಮನುಷ್ಯನೊಬ್ಬ ಮಡಚುವ ಕುರ್ಚಿಯಲ್ಲಿ ಕೂತಿದ್ದ. ಅವನ ಸುತ್ತ ಮದುವೆ ಮನೆಯ ಸಡಗರ. ಒಬ್ಬಾಕೆ ತಟ್ಟೆಯಲ್ಲಿ ಹಂದಿಮಾಂಸ ಬಡಿಸುತ್ತಿದ್ದಳು. ಇನ್ನೊಬ್ಬಳು ಸಿಹಿ ಟೀ ಹಿಡಿದು ನಿಂತಿದ್ದಳು.

ಮಾರ್ಲಾ ಕೋಚ್ ಕಲ್ಪೆಪರ್ ಹತ್ತಿರ ಹೋಗಿ ಬಾಯಿ ತೆರೆಯುವಷ್ಟರಲ್ಲಿ ಆತ, "ಆಮೇಲೆ ಮಾತಾಡೋಣ ಮ್ಯಾಮ್, ದೊಡ್ಡೋರು ಬಂದಿದ್ದಾರೆ, ದಯವಿಟ್ಟು ಆ ಕಡೆ ಕೂತ್ಕೊಳಿ" ಎಂದು ಅವಳ ಮುಖವನ್ನೂ ನೋಡದೆ ಮೊದಲ ಬೇಸಿನ ಪಕ್ಕದ ಮೆಟ್ಟಿಲು ಬೆಂಚುಗಳತ್ತ ಕೈ ತೋರಿಸಿದ.

ಅಲ್ಲಿ ನೇರಳೆ ಬಣ್ಣದ ಟೋಪಿ ಹಾಕಿದ ವಯಸ್ಸಾದ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಳು.

"ಬಾ ತಾಯಿ, ಹಲಗೆ ಕಾದು ಕೆಂಡ ಆಗಿದೆ, ಈ ದಿಂಬು ಹಾಕ್ಕೊ. ಶೇಂಗಾ ತಿನ್ನು, ಈಗಷ್ಟೇ ಹಂಡೆಯಿಂದ ತೆಗೆದದ್ದು. ಎದುರು ತಂಡದ ಊರೋಳಾ? ನಿನ್ನ ಹುಡುಗ ಯಾವನು?"

"ನನ್ನ ಹುಡುಗ ಅಂತ ಯಾರೂ ಇಲ್ಲ. ಆಟ ನೋಡೋಕೆ ಬಂದೆ" ಎಂದಳು ಮಾರ್ಲಾ. ಸುಳ್ಳೇನೂ ಆಗಿರಲಿಲ್ಲ.

"ಒಳ್ಳೆ ದಿನ ಬಂದಿದ್ದೀಯ. ನಾನು ವಿಲ್ಲೊಡೀನ್. ಅಲ್ನೋಡು, ಅಲ್ಲಿ ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಂತು ನೊಣ ಓಡಿಸ್ತಿದ್ದಾನಲ್ಲ, ಶಾರ್ಟ್‌ಸ್ಟಾಪು, ಅವನು ನಮ್ಮ ಡೆಲ್ವಿನ್. ನನ್ನ ತಮ್ಮನ ಮಗ. ತಮ್ಮ ಲಾರಿ ಓಡಿಸ್ಕೊಂಡು ವಾರವೆಲ್ಲ ರಸ್ತೆ ಮೇಲೇ ಇರ್ತಾನೆ, ಸಾಕಿದ್ದು ನಾನೇ."

ಮಾರ್ಲಾ ನೋಡಲು ಬಂದದ್ದು ಆ ಡೆಲ್ವಿನ್ ಪಿಟ್‌ಮನ್‌ನನ್ನೇ. ಉದ್ದ ಕಾಲು, ಸಣ್ಣ ಸೊಂಟ, ಸುಮ್ಮನೆ ನಿಲ್ಲಲಾರದ ದೇಹ.

"ಆ ಹ್ಯಾಟಿನೋರು ಯಾರು?" ಎಂದು ಕೇಳಿದಳು.

"ಶ್, ಮೆಲ್ಲಗೆ! ಅವ್ರೇ ಟ್ರಸ್ಕಟ್ ಸಾಹೇಬ್ರು. ದೊಡ್ಡ ಕ್ಲಬ್ಬಿನೋರು. ಡೆಲ್ವಿನ್‌ನ ನೋಡೋಕೇ ಬಂದಿರೋದು."

ಶೇಂಗಾ ಮಾರ್ಲಾಳ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಕೆಮ್ಮು ನಿಂತ ಮೇಲೆ, ತನ್ನ ಹೆಸರು ಹೊತ್ತ ಆ ಮನುಷ್ಯನನ್ನು ಮತ್ತೊಮ್ಮೆ ಗಮನವಿಟ್ಟು ನೋಡಿದಳು. "ಅವ್ರೇ ಅಂತ ಹೇಗೆ ಗೊತ್ತಾಯ್ತು?"

"ಕೋಚ್ ಹೋಗಿ ಕೇಳ್ದ ಕಣಮ್ಮ. 'ನಿಮ್ಮ ಒಳಮೈದಾನ ನೋಡೋಕೆ ಬಂದೆ' ಅಂದ್ರು. ಈ ಬೇಸುಗಳ ನಡುವಿನ ಒಳಮೈದಾನದಲ್ಲಿ ನೋಡೋ ಅಂಥದ್ದು ನಮ್ಮ ಡೆಲ್ವಿನ್ ಬಿಟ್ರೆ ಇನ್ನೇನಿದೆ ಮಣ್ಣು? ಹೇಗನ್ಸುತ್ತೆ ಸಾರ್ ಅಂತ ಕೇಳಿದ್ದಕ್ಕೆ, 'ಬುಡ ಗಟ್ಟಿಯಾಗಿದೆ, ಸರಿಯಾಗಿ ನೀರು ಬಿದ್ರೆ ಚಿಗುರುತ್ತೆ' ಅಂದ್ರಂತೆ. ಎಂಥಾ ಮಾತು ನೋಡು! ದೊಡ್ಡೋರು ಮಾತಾಡೋದೇ ಹಾಗೆ. ಕೈಯಲ್ಲಿ ಅದೇನೋ ಪಿಸ್ತೂಲಿನ ಥರ ಹಿಡಿದಿದ್ದಾರಲ್ಲ, ಅದು ಚೆಂಡಿನ ವೇಗ ಅಳೆಯೋ ಯಂತ್ರ."

ಮಾರ್ಲಾ ನೋಡಿದಳು. ಆತ ಆ ಯಂತ್ರವನ್ನು ಚೆಂಡೆಸೆಯುವ ಪಿಚರ್ ಕಡೆಗಲ್ಲ, ನೆಲದ ಕಡೆಗೆ ಹಿಡಿದಿದ್ದ. ಮಣ್ಣಿನ ಬಿಸಿ ಅಳೆಯುವ ಉಪಕರಣ ಅದು. ಈರುಳ್ಳಿ ರೈತರ ಕೈಯಲ್ಲಿ ಅಂಥದ್ದನ್ನು ದಾರಿಯುದ್ದಕ್ಕೂ ಕಂಡಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ಎದ್ದು ಹೋಗಿ ಹೇಳಬಹುದಾಗಿತ್ತು. ಆದರೆ ಅಷ್ಟರಲ್ಲಿ ಅಂಪೈರ್ ಆಟ ಶುರು ಮಾಡಿಯೇಬಿಟ್ಟ. ಅಲ್ಲದೆ, ಯಾರ ಕಣ್ಣೂ ತನ್ನ ಮೇಲಿಲ್ಲದ ಸಂಜೆ ಸ್ಕೌಟ್‌ಗೆ ಸಿಗುವುದು ಅಪರೂಪ. ಅವಳು ದಿಂಬು ಸರಿಮಾಡಿಕೊಂಡು ಕೂತಳು.

ಡೆಲ್ವಿನ್ ಆಡಿದ ಆಟ ದೇವರಿಗೇ ಪ್ರೀತಿ. ಮೊದಲ ಚೆಂಡು ನೆಲದ ಮೇಲೆ ಉರುಳುತ್ತ ನೇರ ಅವನ ಗ್ಲೌಸಿಗೇ ಬಂತು. ಹಿಡಿದು, ಹೊಡೆದವನು ಓಡಿ ತಲುಪುವ ಮುಂಚೆ ಮೊದಲ ಬೇಸಿಗೆ ಎಸೆದಿದ್ದರೆ ಮುಗಿದಿತ್ತು. ಡೆಲ್ವಿನ್ ಬೇಕೆಂದೇ ಒಂದು ಸುತ್ತು ಗಿರಕಿ ಹೊಡೆದು, ಹ್ಯಾಟಿನವನತ್ತ ಒಮ್ಮೆ ಕಣ್ಣು ಹಾಯಿಸಿ, ಎಸೆದ. ಚೆಂಡು ಬೇಸಿನಲ್ಲಿ ನಿಂತವನ ತಲೆ ಮೇಲಿಂದ ಹಾರಿ, ಬೇಲಿ ದಾಟಿ, ಶೇಂಗಾ ಬೇಯುತ್ತಿದ್ದ ಹಂಡೆಯೊಳಗೆ ಬುಳಕ್ಕನೆ ಬಿತ್ತು.

"ಉಪ್ಪು ಸರಿಯಾಗಿದೆಯಾ ಡೆಲ್ವಿನ್?" ಎಂದು ಎದುರು ತಂಡದ ಬೆಂಚಿನಿಂದ ಯಾರೋ ಕೂಗಿದರು.

ಬ್ಯಾಟಿಂಗಿಗೆ ಬಂದಾಗ ಪ್ರತಿ ಚೆಂಡನ್ನೂ ಸವಾನ್ನಾ ನಗರಕ್ಕೇ ಕಳಿಸುವವನಂತೆ ಬೀಸಿದ. ಕೊನೆಯ ಬೀಸಿಗೆ ಬ್ಯಾಟು ಗಾಳಿ ಸೀಳಿ ಅವನೇ ಕುಂಡೆಯೂರಿ ಕೂತ. ಮುಂದಿನ ಇನಿಂಗ್ಸಿನಲ್ಲಿ ಎರಡು ಹೆಜ್ಜೆ ನಡೆದು ಹಿಡಿಯಬಹುದಾಗಿದ್ದ ಚೆಂಡಿಗೆ ಉದ್ದಕ್ಕೆ ಹಾರಿ ಬಿದ್ದು, ಬಿಳಿ ಪ್ಯಾಂಟನ್ನೆಲ್ಲ ಕೆಮ್ಮಣ್ಣು ಮಾಡಿಕೊಂಡ. ಚೆಂಡು ಸಿಗಲಿಲ್ಲ.

"ಇವನಿಗೇನು ದೆವ್ವ ಮೆಟ್ಟಿದೆ ಇವತ್ತು!" ವಿಲ್ಲೊಡೀನ್ ಹಲ್ಲು ಕಡಿದಳು. "ದಿನಾ ಹೀಗಾಡಲ್ಲ ತಾಯಿ. ಆ ಪ್ಯಾಂಟು ಒಗೆಯೋಳು ನಾನು. ಮನೇಲಿ ಒಂದು ಕಸ ಎತ್ತು ಅಂದ್ರೆ ಸೊಂಟ ನೋವು ಅಂತಾನೆ, ಇಲ್ಲಿ ನೋಡು, ನೆಲಕ್ಕೆ ಡೈವು! ಮೊನ್ನೆವರೆಗೂ ಅದೃಷ್ಟ ಅಂತ ಒಂದೇ ಹರಕು ಒಳಚಡ್ಡಿ ಹಾಕ್ಕೊಂಡು ಆಡ್ತಿದ್ದ, ನಾನೇ ಒಲೆಗೆ ಹಾಕಿದೆ."

"ಹೆದರ್ಕೊಂಡಿದ್ದಾನೆ ಅನ್ಸುತ್ತೆ" ಎಂದಳು ಮಾರ್ಲಾ.

"ಅವನಾ? ಅವನು ಹುಟ್ಟಿದಾಗ್ಲೇ ಅಳಲಿಲ್ಲ, ನಕ್ಕ!"

ಚೆಂಡನ್ನು ಎಲ್ಲರೂ ನೋಡುತ್ತಾರೆ. ಮಾರ್ಲಾ ಪಾದ ನೋಡುವವಳು. ಹುಡುಗನ ಪಾದ ಹಗುರವಾಗಿತ್ತು, ಬ್ಯಾಟಿಗೆ ಚೆಂಡು ತಾಗುವ ಮೊದಲೇ ದಿಕ್ಕು ಹಿಡಿಯುತ್ತಿತ್ತು. ಆದರೆ ಪಾದ ಹೇಳಿದ್ದನ್ನು ತಲೆ ಕೇಳುತ್ತಿರಲಿಲ್ಲ. ಇಷ್ಟೇ ಆಗಿದ್ದರೆ ರಾತ್ರಿ ಊಟಕ್ಕೆ ಮುಂಚೆ ಅವಳು ಮುಂದಿನ ಊರಿನಲ್ಲಿರುತ್ತಿದ್ದಳು.

ನಾಲ್ಕನೆಯ ಇನಿಂಗ್ಸಿನ ನಡುವೆ ಹ್ಯಾಟಿನ ಮನುಷ್ಯ ಎದ್ದ. ಕುರ್ಚಿ ಮಡಚಿದ, ಬಾಯಿ ಒರೆಸಿಕೊಂಡ, ಕೋಚನ ಕೈ ಕುಲುಕಿದ. ಆತನ ದನಿ ಹೊಲದಲ್ಲಿ ಮಾತಾಡಿ ಬೆಳೆದದ್ದು, ಮೈದಾನಕ್ಕೆಲ್ಲ ಕೇಳಿಸಿತು.

"ಊಟ ಭಾರಿ ಚೆನ್ನಾಗಿತ್ತು ಕೋಚ್! ಇಷ್ಟು ಉಪಚಾರ ಯಾವ ಊರಲ್ಲೂ ಕಂಡಿಲ್ಲ. ಶಾಲೆ ಆಫೀಸಿನೋರು ಹೇಳಿದ್ರಲ್ಲ, ಹುಲ್ಲಿಗೆ ತುಂತುರು ನಲ್ಲಿ ಎಲ್ಲೆಲ್ಲಿ ಹಾಕ್ಬೇಕು ಅಂತ ನೋಡ್ಕೊಂಡೆ. ಪಂಪು, ಪೈಪು ಬುಧವಾರ ಬರುತ್ತೆ. ಮೂರನೇ ಬೇಸಿನ ಹತ್ರ ಹುಲ್ಲು ಪೂರ್ತಿ ಸತ್ತೋಗಿದೆ, ಅಲ್ಲಿಗೆ ಎರಡು ಹಾಕ್ತೀನಿ."

ಮೊದಲು ಬಾಯಿ ಬಿಟ್ಟವಳು ಬಡಿಸಿದ ಹೆಂಗಸು. "ಅಯ್ಯೋ ನಿನ್ನ! ಎರಡು ಸಲ ಪೀಚ್ ಹಣ್ಣಿನ ಸಿಹಿ ಕಾಬ್ಲರ್ ಹಾಕಿಸ್ಕೊಂಡನಲ್ಲಪ್ಪ, ಪಂಪಿನೋನು!"

ಬೆಂಚುಗಳ ಮೇಲೆ ನಗೆ ಸಿಡಿಯಿತು. ಪಂಪಿನವನಿಗೆ ವಿಷಯ ಅರ್ಥವಾಗಲಿಲ್ಲ. ತನ್ನನ್ನು ಬೀಳ್ಕೊಡುತ್ತಿದ್ದಾರೆ ಎಂದುಕೊಂಡು ಹ್ಯಾಟು ಬೀಸುತ್ತ ಹೋದ. ಕೋಚ್ ಕಲ್ಪೆಪರ್ ಮಾತ್ರ ತಲೆ ಮೇಲೆ ಟೋಪಿ ಎಳೆದುಕೊಂಡು ನಿಂತ. ನಗು ಇಳಿದ ಮೇಲೆ ಜನರ ಮುಖವೂ ಇಳಿಯಿತು: ಹಾಗಾದರೆ ಸ್ಕೌಟ್ ಬಂದೇ ಇಲ್ಲ.

ವಿಲ್ಲೊಡೀನ್ ಟೋಪಿ ತೆಗೆದು ಗಾಳಿ ಹಾಕಿಕೊಂಡಳು. "ಹೋಗ್ಲಿ ಬಿಡು. ಹಣೇಲಿ ಬರೆದಿರಲಿಲ್ಲ."

ಮಾರ್ಲಾ ನೋಡುತ್ತಿದ್ದದ್ದು ಹುಡುಗನನ್ನು. ಮಾತು ಅವನ ಕಿವಿಗೂ ಬಿದ್ದಿತ್ತು. ಗ್ಲೌಸನ್ನು ಎದೆಗೊತ್ತಿಕೊಂಡು ಸ್ವಲ್ಪ ಹೊತ್ತು ನೆಲ ನೋಡಿದ. ಭುಜ ಕುಲುಕತೊಡಗಿತು. ಅಳುತ್ತಿದ್ದಾನೆ ಎಂದುಕೊಂಡಳು ಮಾರ್ಲಾ. ಅಲ್ಲ, ನಗುತ್ತಿದ್ದ. ಮೊಣಕಾಲಿಗೆ ಕೈಯೂರಿ, ಉಸಿರು ಕಟ್ಟಿ ನಗುತ್ತಿದ್ದ. ಅವನ ನಗು ಪಿಚರ್‌ಗೂ ಅಂಟಿ, ಅಂಪೈರೇ "ಆಯ್ತೇನ್ರಪ್ಪ, ಶುರು ಮಾಡೋಣ್ವಾ?" ಎಂದು ಕೇಳಬೇಕಾಯಿತು.

ಅಲ್ಲಿಂದ ಮುಂದೆ ಆ ಜಾಗದಲ್ಲಿ ಬೇರೆ ಹುಡುಗನೇ ನಿಂತಿದ್ದ. ಮೆತ್ತಗೆ ತಟ್ಟಿದ ಚೆಂಡೊಂದು ಪಿಚರ್‌ನನ್ನು ದಾಟಿ ಸೋಮಾರಿಯಂತೆ ಉರುಳುತ್ತಿತ್ತು. ಡೆಲ್ವಿನ್ ಮುಂದಕ್ಕೆ ಓಡಿಬಂದು, ಗ್ಲೌಸಿಲ್ಲದ ಬರಿಗೈಯಲ್ಲಿ ಎತ್ತಿ, ಓಡುತ್ತಲೇ ಎಸೆದ. ಬೇಸಿನಲ್ಲಿದ್ದವನ ಎದೆಗೇ ಬಂತು. ಅದರಲ್ಲಿ ಡೌಲಿರಲಿಲ್ಲ, ಅಂಗಳದಲ್ಲಿ ಕೋಳಿಮರಿ ಎತ್ತಿ ಬುಟ್ಟಿಗೆ ಹಾಕಿದಷ್ಟು ಸಲೀಸು. ಬ್ಯಾಟಿಂಗಿಗೆ ಬಂದಾಗ ಕೆಟ್ಟ ಚೆಂಡುಗಳನ್ನು ಬಿಟ್ಟು ಕಾದ; ಬೇಕಾದದ್ದು ಬಂದಾಗ ಬಲಗಡೆಯ ಇಬ್ಬರು ಆಟಗಾರರ ನಡುವಿನ ಸಂದಿಗೆ ಸೀಳಿದ. ಪಿಚರ್ ಸೋತು ಸುಣ್ಣವಾಗಿದ್ದಾಗ ಹತ್ತಿರ ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿ ನಗಿಸಿ ಬಂದ.

ಒಂದೇ ಒಂದು ಕಡೆ ಮಾರ್ಲಾಳ ಹುಬ್ಬು ಗಂಟಾಯಿತು. ಮೂರನೆಯ ಬೇಸಿನ ಹಿಂದಿನ ಮೂಲೆಗೆ ಹೋದ ಚೆಂಡನ್ನು ಅವನು ಅಡ್ಡ ಓಡಿ ಹಿಡಿದ. ಎಂಥವರಿಗೂ ಸುಲಭದ ಹಿಡಿತವಲ್ಲ. ಆದರೆ ಅಲ್ಲಿಂದ ಎಸೆದ ಚೆಂಡು ಕೊನೆಯಲ್ಲಿ ಸೊರಗಿ, ನೆಲಕ್ಕೆ ಒಮ್ಮೆ ಬಡಿದು ಬೇಸು ಸೇರಿತು. ಓಡುವವ ಒಂದು ಕೂದಲೆಳೆಯಷ್ಟು ಮೊದಲೇ ತಲುಪಿದ್ದ. ಹಿಡಿದ ಚಂದಕ್ಕೇ ಜನ ಚಪ್ಪಾಳೆ ತಟ್ಟಿದರು. ಮಾರ್ಲಾ ತಟ್ಟಲಿಲ್ಲ. ತೋಳಿನಲ್ಲಿ ಅಷ್ಟು ದೂರದ ಬಲ ಇಲ್ಲ. ಮೇಲಿನ ಮಟ್ಟದಲ್ಲಿ ಓಡುವವರು ಇವರಿಗಿಂತ ಚುರುಕು. ಅಲ್ಲಿ ಇವನು ಶಾರ್ಟ್‌ಸ್ಟಾಪ್ ಆಗಿ ಉಳಿಯುವುದಿಲ್ಲ.

ಆಟ ಮುಗಿದು ಬೆಲ್‌ಫೆರಿ ಗೆದ್ದ ಮೇಲೆ ಅವಳು ಇಳಿದು ಹೋಗಿ ಕೋಚನ ಮುಂದೆ ಕೈ ಚಾಚಿದಳು. "ಮಾರ್ಲಾ ಟ್ರಸ್ಕಟ್."

ಕೋಚ್ ಆ ಹೆಸರನ್ನು ಬಾಯೊಳಗೇ ಎರಡು ಸಲ ಹೇಳಿಕೊಂಡ. ಅವನ ಮುಖ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. "ನಾನು... ನಿಮಗೆ... ಆ ಕಡೆ ಕೂತ್ಕೊಳಿ ಅಂದ್ನಾ?"

"ಅಂದ್ರಿ. ಒಳ್ಳೇ ಜಾಗನೇ ಕೊಟ್ರಿ."

ಹಿಂದೆ ಬಂದ ವಿಲ್ಲೊಡೀನ್ ಎದೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಯೇಸುವೇ, ನೀನಾ? ನಾನು ಅವನ ಒಳಚಡ್ಡಿ ವಿಷಯ ಕೂಡ ಹೇಳ್ಬಿಟ್ನಲ್ಲೇ!"

"ಅತ್ತೇ!" ಎಂದು ಚೀರಿದ ಡೆಲ್ವಿನ್.

ಮರುದಿನ ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಮಾರ್ಲಾ, ಕೋಚ್, ಡೆಲ್ವಿನ್, ವಿಲ್ಲೊಡೀನ್ ನಾಲ್ವರೇ ಇದ್ದರು. ಮಾರ್ಲಾ ಸುತ್ತಿ ಬಳಸಿ ಮಾತಾಡುವವಳಲ್ಲ. "ಡೆಲ್ವಿನ್, ನಿನ್ನ ಕೈ ಚೆನ್ನಾಗಿದೆ, ಪಾದ ಅದಕ್ಕಿಂತ ಚೆನ್ನಾಗಿದೆ. ತೋಳು ಸಾಲದು. ನಿನ್ನ ಜಾಗ ಎರಡನೇ ಬೇಸು. ಅಲ್ಲಿಂದ ಎಸೆಯೋ ದೂರ ಕಮ್ಮಿ."

ಮಾತು ಮುಗಿಯುವ ಮೊದಲೇ ಕೋಚ್ ಸಿಡಿದ. "ಏನ್ಮಾತು ಅಂತ ಆಡ್ತೀರ ಮ್ಯಾಮ್! ಹಾಲು ಹಲ್ಲು ಬೀಳೋಕೆ ಮುಂಚೆಯಿಂದ ಇವನು ಶಾರ್ಟ್‌ಸ್ಟಾಪು. ಸಿಂಹಾಸನದಿಂದ ಇಳಿಸಿ ಜಗಲಿ ಮೇಲೆ ಕೂರಿಸ್ತೀನಿ ಅಂತೀರಲ್ಲ. ಊರೋರು ನನ್ನ ಬಿಟ್ಟಾರಾ?"

"ಊರೋರು ಇವನಿಗೆ ಕೆಲಸ ಕೊಡಲ್ಲ ಕೋಚ್. ಕೊಡೋರು ತೋಳು ನೋಡ್ತಾರೆ."

ಇಬ್ಬರೂ ಹುಡುಗನತ್ತ ತಿರುಗಿದರು. ಅವನ ಮುಖ ಒಂದು ಕ್ಷಣ ಸಣ್ಣದಾಗಿತ್ತು. ಎಷ್ಟೋ ಊರುಗಳಲ್ಲಿ ಎಷ್ಟೋ ಹುಡುಗರಿಗೆ ಮಾರ್ಲಾ ಇಂಥ ಮಾತು ಹೇಳಿದ್ದಳು. ಕೆಲವರು ಮುಖ ಊದಿಸಿದ್ದರು, ಕೆಲವರು ಗ್ಲೌಸು ಬಿಸಾಕಿದ್ದರು. ಡೆಲ್ವಿನ್ ತನ್ನ ಬಲ ತೋಳನ್ನು ಎಡಗೈಯಿಂದ ಒಮ್ಮೆ ಒತ್ತಿ ನೋಡಿಕೊಂಡು, "ನಂಗೂ ಒಂದೊಂದ್ಸಲ ಅನ್ಸುತ್ತೆ ಮ್ಯಾಮ್, ಆ ಮೂಲೆಯಿಂದ ಎಸೆದ್ರೆ ಚೆಂಡು ದಾರೀಲಿ ಟೀ ಕುಡಿಯೋಕೆ ನಿಲ್ಲುತ್ತೆ ಅಂತ. ಎರಡನೇ ಬೇಸು ಹೇಗಾಡೋದು, ತೋರ್ಸಿ" ಎಂದ.

ಅಲ್ಲಿಯ ಕಷ್ಟದ ಕೆಲಸವೆಂದರೆ ಬೇಸು ತುಳಿಯುತ್ತಲೇ ಚೆಂಡು ಪಡೆದು, ಜಾರಿಕೊಂಡು ಬರುವ ಓಟಗಾರನ ಮೇಲಿಂದ ನೆಗೆದು, ಮೊದಲ ಬೇಸಿಗೆ ತಿರುಗಿ ಎಸೆಯುವುದು. ಬೆನ್ನ ಹಿಂದೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಮಾರ್ಲಾ ನೋಯುವ ಮೊಣಕಾಲನ್ನು ಬೈಯುತ್ತಲೇ ಹೆಜ್ಜೆ ಹಾಕಿ ತೋರಿಸಿದಳು. ಡೆಲ್ವಿನ್ ಮೊದಲ ಸಲ ಬೇಸನ್ನೇ ಎಡವಿ ಬಿದ್ದ. ಇನ್ನೊಂದು ಸಲ ತಪ್ಪು ಕಾಲು ಮುಂದಿಟ್ಟು, ಕೋಚನ ಕಡೆ ಎಸೆಯಬೇಕಾದ ಚೆಂಡನ್ನು ಅತ್ತೆಯ ಕಡೆ ಎಸೆದ.

"ನನ್ನ ಮೇಲೆ ಯಾಕೋ ಕೋಪ?" ವಿಲ್ಲೊಡೀನ್ ಬೆಂಚಿನ ಹಿಂದೆ ಅವಿತಳು.

"ನನ್ನ ಕಾಲು ನನ್ನ ಮಾತೇ ಕೇಳ್ತಿಲ್ಲ ಅತ್ತೆ! ಇನ್ನೊಂದ್ಸಲ, ಮ್ಯಾಮ್."

ಬಿಸಿಲೇರಿತು. ಬೀಳುವುದು, ನಗುವುದು, "ಇನ್ನೊಂದ್ಸಲ". ಕೋಚನ ಮುನಿಸು ಎಷ್ಟು ಹೊತ್ತಿಗೆ ಇಳಿಯಿತೋ ತಿಳಿಯದು. ಕೊನೆಗೆ ಆತನೇ ಓಟಗಾರನಾಗಿ ಹೊಟ್ಟೆ ಕುಲುಕಿಸಿಕೊಂಡು ಬೇಸಿನತ್ತ ಓಡಿ ಬರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಡೆಲ್ವಿನ್ ಚೆಂಡು ಪಡೆದ, ಬೇಸನ್ನು ಪಾದದ ತುದಿಯಿಂದ ಸವರಿದ, ಕೋಚನ ಮೇಲಿಂದ ನೆಗೆದು ಗಾಳಿಯಲ್ಲೇ ಎಸೆದ. ಚೆಂಡು ಬಿಗಿದ ದಾರದಂತೆ ನೇರ ಮೊದಲ ಬೇಸಿನತ್ತ ಹೋಯಿತು. ನೆಲದಲ್ಲಿ ಮಲಗಿದ್ದ ಕೋಚ್, "ದೇವರೇ, ಇದನ್ನ ನಾನು ಯಾಕೆ ನೋಡಿರ್ಲಿಲ್ಲ" ಎಂದ.

ಊಟದ ಡಬ್ಬಿ ಬಿಚ್ಚುತ್ತ ವಿಲ್ಲೊಡೀನ್ ಮೆಲ್ಲಗೆ ಕೇಳಿದಳು: "ನಿಜ ಹೇಳು ತಾಯಿ. ದೊಡ್ಡ ಆಟಗಾರ ಆಗ್ತಾನಾ?"

"ಗೊತ್ತಿಲ್ಲ, ಮಿಸ್ ವಿಲ್ಲೊಡೀನ್. ಗೊತ್ತು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಆದ್ರೆ ಒಂದು ಮಾತು. ಮೇಲಿನ ಆಟದಲ್ಲಿ ಎಂಥಾ ಶೂರರೂ ಬ್ಯಾಟು ಹಿಡಿದು ಹೋಗಿ ಗೆಲ್ಲೋದಕ್ಕಿಂತ ಸೋತು ಬರೋದೇ ಜಾಸ್ತಿ. ಸೋತು ನಗೋರು ಕಮ್ಮಿ. ನಕ್ಕು ಇನ್ನೊಂದ್ಸಲ ಅನ್ನೋರು ಇನ್ನೂ ಕಮ್ಮಿ."

ವಿಲ್ಲೊಡೀನ್ ಅವಳ ತಟ್ಟೆಗೆ ಜೋಳದ ರೊಟ್ಟಿ ಇನ್ನೊಂದು ಚೂರು ಹಾಕಿದಳು.

ಸಂಜೆ ಕಾರಿನಿಂದಲೇ ಮಾರ್ಲಾ ತನ್ನ ಮೇಲಧಿಕಾರಿ ಫಿಂಚ್‌ಗೆ ಫೋನ್ ಮಾಡಿದಳು. ಫಿಂಚ್ ಕೆಟ್ಟವನಲ್ಲ, ಎಲ್ಲವನ್ನೂ ತಡಮಾಡಿ ನಂಬುವವನು ಅಷ್ಟೆ. "ಅಂದ್ರೆ, ತೋಳಿಲ್ಲದ ಶಾರ್ಟ್‌ಸ್ಟಾಪು, ಅನುಭವ ಇಲ್ಲದ ಎರಡನೇ ಬೇಸು. ಏನಮ್ಮಾ ಮಾರ್ಲಾ, ನಗ್ತಾನೆ ಅಂತ ಆರಿಸ್ಕೋಬೇಕಾ?"

"ಬಂದು ನೋಡ್ರಿ ಸ್ವಾಮಿ. ಬ್ಯಾಟಿಗೆ ಚೆಂಡು ತಾಗೋ ಸದ್ದು ಕೇಳಿ. ಆಮೇಲೆ ಬಯ್ಯಿರಿ."

ಫಿಂಚ್ ಬಂದು ನೋಡಿದ, ತಲೆದೂಗಿದ, ಬೇಸಿಗೆಯಲ್ಲಿ ಆಯ್ಕೆಯ ದಿನ ನೋಡೋಣ ಎಂದ. ಕೋಚ್ ಊರಿನ ಗೊಣಗಾಟಕ್ಕೆ ಕಿವಿ ಮುಚ್ಚಿ ಡೆಲ್ವಿನ್‌ನನ್ನು ಉಳಿದ ಆಟಗಳಿಗೆಲ್ಲ ಎರಡನೆಯ ಬೇಸಿನಲ್ಲೇ ನಿಲ್ಲಿಸಿದ. ಮಾರ್ಲಾ ದಾರಿ ಸಿಕ್ಕಾಗಲೆಲ್ಲ ಆ ಕಡೆ ಕಾರು ತಿರುಗಿಸಿದಳು. ಅಲ್ಲೇ ಎಡವಟ್ಟಾಯಿತು. ಸ್ಕೌಟ್‌ಗಳು ಹುಡುಗರ ಮೇಲೆ ಇಟ್ಟಷ್ಟೇ ಕಣ್ಣನ್ನು ಒಬ್ಬರ ಮೇಲೊಬ್ಬರು ಇಟ್ಟಿರುತ್ತಾರೆ. ಇನ್ನೊಂದು ಕ್ಲಬ್ಬಿನ ಡಬ್ ಕಿಲ್ಗೋರ್, ಅವಳ ಹಳೆಯ ಸ್ನೇಹಿತ, ಹಳೆಯ ವೈರಿ, ಆ ಧೂಳು ಮೆತ್ತಿದ ಕಾರಿನ ಜಾಡು ಹಿಡಿದು ಬೆಲ್‌ಫೆರಿಗೆ ಬಂದ. ಬಂದವನಿಗೆ ಕಂಡದ್ದು ತೋಳಿಲ್ಲದ ಶಾರ್ಟ್‌ಸ್ಟಾಪ್ ಅಲ್ಲ, ಹುಟ್ಟಿದ್ದೇ ಎರಡನೆಯ ಬೇಸಿಗಾಗಿ ಅನ್ನುವಂಥ ಹುಡುಗ.

ಜುಲೈನ ಆಯ್ಕೆಯ ದಿನ ಕ್ಲಬ್ಬುಗಳು ಸರದಿಯ ಮೇಲೆ ಒಬ್ಬೊಬ್ಬರ ಹೆಸರು ಕೂಗುತ್ತ ಹೋಗುತ್ತವೆ. ಮಾರ್ಲಾ ಅಡಿಗೆಮನೆಯಲ್ಲಿ ಫೋನು ಕಿವಿಗಿಟ್ಟುಕೊಂಡು ಅತ್ತಿಂದಿತ್ತ ನಡೆಯುತ್ತಿದ್ದಳು. "ಈಗ ತಗೊಳ್ಳಿ, ಫಿಂಚ್, ಈಗ!" ಎಂದಳು.

"ಇನ್ನೊಂದು ಸುತ್ತು ಕಾಯೋಣ. ಈರುಳ್ಳಿ ಹೊಲದ ಹುಡುಗನ್ನ ಯಾರು ಹೊತ್ಕೊಂಡು ಹೋಗ್ತಾರೆ?"

ಅವನ ಬಾಯಿ ಮುಚ್ಚುವಷ್ಟರಲ್ಲಿ ಡಬ್‌ನ ಕ್ಲಬ್ಬು ಕೂಗಿತು: ಡೆಲ್ವಿನ್ ಪಿಟ್‌ಮನ್, ಎರಡನೆಯ ಬೇಸು, ಬೆಲ್‌ಫೆರಿ, ಜಾರ್ಜಿಯಾ.

ಮಾರ್ಲಾ ಸೌಟನ್ನು ಸಿಂಕಿಗೆ ಎಸೆದಳು. ಫಿಂಚ್‌ಗೆ ಹೇಳಬೇಕಾದ್ದನ್ನೆಲ್ಲ, ಡಬ್‌ಗೆ ಹೇಳಬೇಕಾದ್ದನ್ನೂ ಸೇರಿಸಿ, ಹೇಳಿದಳು. ಆಮೇಲೆ ಕುರ್ಚಿ ಎಳೆದು ಕೂತಾಗ, ತಾನು ನಗುತ್ತಿರುವುದು ಅವಳ ಅರಿವಿಗೆ ಬಂತು. ಎರಡನೆಯ ಬೇಸು ಎಂದು ಕೂಗಿದ್ದರು. ಅವಳು ಹುಡುಗನಲ್ಲಿ ಕಂಡದ್ದು ನಿಜ ಎಂಬುದಕ್ಕೆ ಡಬ್ ಕಿಲ್ಗೋರ್‌ನಂಥ ಜಿಪುಣನ ಸಾಕ್ಷಿ ಸಿಕ್ಕಿತ್ತು.

ಸ್ವಲ್ಪ ಹೊತ್ತಿಗೆ ಫೋನು ಮತ್ತೆ ರಿಂಗಾಯಿತು. ಆ ಕಡೆ ಊರೆಲ್ಲ ಕಿರುಚುತ್ತಿತ್ತು.

"ಮ್ಯಾಮ್? ನಾನು, ಡೆಲ್ವಿನ್. ನಿಮ್ಮ ಕ್ಲಬ್ಬೇ ಕರೆಯುತ್ತೆ ಅಂದ್ಕೊಂಡಿದ್ದೆ. ಕೋಪನಾ?"

"ಕೋಪನೇ. ಆದ್ರೆ ನಿನ್ನ ಮೇಲಲ್ಲ ಕಣೋ. ಕಾಲೇಜು ತಂಡದೋರೂ ಕರೆದಿದ್ದಾರಂತಲ್ಲ, ಏನ್ ಮಾಡ್ತೀಯ?"

"ಅಪ್ಪ ಲಾರಿ ನಿಲ್ಸಿ ಫೋನ್ ಮಾಡಿದ್ರು. ನಿಂಗೆ ಬಿಟ್ಟಿದ್ದು ಅಂದ್ರು. ಆಡ್ತೀನಿ ಮ್ಯಾಮ್. ಹೋಗಿ ಆಡ್ತೀನಿ."

ಹಿಂದಿನಿಂದ ಯಾರೋ ಫೋನು ಕಿತ್ತುಕೊಂಡ ಸದ್ದು. "ತಾಯೀ, ನಾನು ವಿಲ್ಲೊಡೀನ್. ಆ ಡಬ್ ಅನ್ನೋನು ಬಂದಾಗ ನಾನು ಒಂದು ಮಾತೂ ಆಡ್ಲಿಲ್ಲ ನೋಡು, ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಭಾನುವಾರ ಊಟಕ್ಕೆ ಬಾ. ಅವನನ್ನ ಕರೆದಿಲ್ಲ, ನಿನ್ನನ್ನೇ ಕರೀತಿರೋದು."

"ಬರ್ತೀನಿ" ಎಂದಳು ಮಾರ್ಲಾ. "ಡೆಲ್ವಿನ್‌ಗೆ ಕೊಡಿ ಒಂದ್ನಿಮಿಷ."

"ಹೇಳಿ ಮ್ಯಾಮ್."

"ಒಂದಿನ ನಮ್ಮ ಕ್ಲಬ್ಬಿನ ಎದುರಿಗೇ ಆಡೋ ಕಾಲ ಬರುತ್ತೆ. ಅವತ್ತು ಫಿಂಚ್ ಅಂತ ಒಬ್ರು ಮುಂದಿನ ಸಾಲಲ್ಲಿ ಕೂತಿರ್ತಾರೆ. ಅವ್ರ ಮುಂದೆ ಸ್ವಲ್ಪ ಜೋರಾಗೇ ಆಡು."

ಬೆಲ್‌ಫೆರಿಯ ಕಡೆಯಿಂದ ಬಂದ ನಗು ಅಡಿಗೆಮನೆಯನ್ನೆಲ್ಲ ತುಂಬಿತು. ಮಾರ್ಲಾ ಫೋನನ್ನು ಕಿವಿಯಿಂದ ದೂರ ಹಿಡಿದು, ಅದು ನಿಲ್ಲುವವರೆಗೂ ಕೇಳುತ್ತ ಕೂತಳು.